ಕಲಹರಿಯ ಕವಲುಬಾಲದ ಕಾಜಾಣ: ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಗುಸಿ ಜಾತಿಯ ಪುಟ್ಟ ಪ್ರಾಣಿಗಳಾದ ಮೀರ್ಕ್ಯಾಟ್‌ಗಳನ್ನು ಹೆದರಿಸಿ ಅವುಗಳ ಬಾಯಿಯ ತುತ್ತನ್ನು ಎಗರಿಸುವ ಕರಿ ಹಕ್ಕಿಯ ವಿಡಿಯೊ ನಿಮ್ಮ ಕಣ್ಣಿಗೂ ಬಿದ್ದಿರಬಹುದು. ಆಫ್ರಿಕದ ಕಲಹರಿ ಮರುಭೂಮಿಯ ಕವಲುಬಾಲದ ಕಾಜಾಣ ಅದು. ಎರಡು ನಿಮಿಷದ ವಿಡಿಯೊದಲ್ಲಿ ಅದು ಬರೀ ಕಳ್ಳ. ಆದರೆ ದಿನದ ಬಹುಪಾಲು ಹೊತ್ತು ಈ ಹಕ್ಕಿ ಪ್ರಾಮಾಣಿಕವಾಗಿಯೇ ದುಡಿದು ತಿನ್ನುತ್ತದೆ, ಮಿಕ್ಕವರಿಗೆ ಕಾವಲನ್ನೂ ಕಾಯುತ್ತದೆ. ಆ ಭಾಗವನ್ನು ಬಿಟ್ಟರೆ ಕಳ್ಳತನವೂ ಅರ್ಥವಾಗುವುದಿಲ್ಲ. ಹಕ್ಕಿ ನೋಡುವ ಗೆಳೆಯರು ಕೇಳುತ್ತಲೇ ಇರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ.

ಇದು ನಮ್ಮ ಕಾಜಾಣವೇ ಅಲ್ಲವೇ? ನೋಡೋಕೆ ಹಾಗೇ ಇದೆ.

ಹತ್ತಿರದ ನೆಂಟ, ಅದೇ ಹಕ್ಕಿ ಅಲ್ಲ. ನಮ್ಮ ಹೊಲಗದ್ದೆಗಳ ಕಾಜಾಣ ಡೈಕ್ರೂರಸ್ ಮ್ಯಾಕ್ರೋಸರ್ಕಸ್, ಆಫ್ರಿಕದ್ದು ಡೈಕ್ರೂರಸ್ ಆಡ್ಸಿಮಿಲಿಸ್. ಬಹಳ ಕಾಲ ಎರಡನ್ನೂ ಒಂದೇ ಪ್ರಭೇದವೆಂದು ಪುಸ್ತಕಗಳಲ್ಲಿ ಬರೆಯುತ್ತಿದ್ದರು, ಹಾಗಾಗಿ ನಿಮ್ಮ ಅನುಮಾನ ತಪ್ಪೇನಲ್ಲ. ಆಫ್ರಿಕದ ಹಕ್ಕಿ ಸುಮಾರು 25 ಸೆಂ.ಮೀ. ಉದ್ದ, 50 ಗ್ರಾಂ ಆಸುಪಾಸಿನ ತೂಕ. ಮಿರಿಮಿರಿ ಕಪ್ಪು ಮೈ, ಕೆಂಪು ಕಣ್ಣು, ತುದಿಯಲ್ಲಿ ಎರಡಾಗಿ ಒಡೆದ ಬಾಲ. ಹಾರುವಾಗ ಬೆಳಕಿಗೆ ಅಡ್ಡ ಬಂದರೆ ರೆಕ್ಕೆಯ ದೊಡ್ಡ ಗರಿಗಳು ಮಾಸಲು ಕಂದಾಗಿ ಕಾಣುತ್ತವೆ. ನಮ್ಮ ಕಾಜಾಣದ ಬಾಲದ ಕವಲು ಇದಕ್ಕಿಂತ ಆಳ.

ಗಂಡು ಹೆಣ್ಣು ಗುರುತಿಸುವುದು ಹೇಗೆ?

ದೂರದಿಂದ ಕಷ್ಟ. ಹೆಣ್ಣು ತುಸು ಚಿಕ್ಕದು, ಹೊಳಪು ತುಸು ಕಡಿಮೆ, ಬಾಲದ ಕವಲೂ ಅಷ್ಟು ಆಳವಿಲ್ಲ. ಜೋಡಿ ಪಕ್ಕಪಕ್ಕ ಕೂತಾಗ ಮಾತ್ರ ಈ ವ್ಯತ್ಯಾಸ ಕಣ್ಣಿಗೆ ಹತ್ತುತ್ತದೆ. ಎಳೆಯ ಹಕ್ಕಿಗಳನ್ನು ಗುರುತಿಸುವುದು ಸುಲಭ. ಎದೆ ಹೊಟ್ಟೆಯ ಗರಿಗಳ ಅಂಚು ಬಿಳಿಚಿಕೊಂಡಿರುತ್ತದೆ, ಕಣ್ಣು ಇನ್ನೂ ಕೆಂಪಾಗಿರುವುದಿಲ್ಲ.

ಇಷ್ಟು ಕರ್ಕಶವಾಗಿ ಕೂಗುವ ಹಕ್ಕಿಯನ್ನು ಹಾಡುಹಕ್ಕಿ ಅನ್ನುವುದು ಯಾಕೆ?

ಇಂಪು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಗಂಟಲಿನ ತಳದಲ್ಲಿರುವ ಧ್ವನಿಪೆಟ್ಟಿಗೆಯ ರಚನೆ ಮತ್ತು ಕೇಳಿ ಕಲಿಯುವ ಶಕ್ತಿ ನೋಡಿ ಮಾಡಿದ ಗುಂಪು ಅದು. ಕಾಗೆಯೂ ಅದೇ ಗುಂಪಿನಲ್ಲಿದೆ. ಕವಲುಬಾಲದ ಕಾಜಾಣಕ್ಕೆ ತನ್ನದೇ ಹಾಡೂ ಇದೆ, ಬೆಳಕು ಹರಿಯುವ ಮುಂಚೆಯೇ ಶುರುವಾಗುತ್ತದೆ. ಕಿರಗುಟ್ಟುವ, ತಂತಿ ಮೀಟಿದಂಥ ಸ್ವರಗಳ ನಡುವೆ ಬೇರೆ ಹಕ್ಕಿಗಳ ದನಿಯನ್ನೂ ಸೇರಿಸಿಬಿಡುತ್ತದೆ. ಅದರ ಜೀವನೋಪಾಯ ನಿಂತಿರುವುದೂ ಈ ಕಲಿಯುವ ಗಂಟಲಿನ ಮೇಲೆಯೇ.

ಆಫ್ರಿಕದಲ್ಲಿ ಎಲ್ಲೆಲ್ಲಿ ಸಿಗುತ್ತದೆ?

ಕೀನ್ಯಾ, ಉಗಾಂಡದಿಂದ ಹಿಡಿದು ಟಾಂಜಾನಿಯ, ಜಾಂಬಿಯ, ಜಿಂಬಾಬ್ವೆ, ಬೋಟ್ಸ್‌ವಾನ, ನಮೀಬಿಯ ದಾಟಿ ದಕ್ಷಿಣ ಆಫ್ರಿಕದವರೆಗೆ. ಹಿಂದೆ ಸಹಾರದ ದಕ್ಷಿಣದ ಅಂಚಿನ ಹಕ್ಕಿಗಳನ್ನೂ ಇದರಲ್ಲೇ ಸೇರಿಸುತ್ತಿದ್ದರು. ವಂಶವಾಹಿ ಅಧ್ಯಯನಗಳಾದ ಮೇಲೆ ಅವನ್ನು ಡೈಕ್ರೂರಸ್ ಡಿವರಿಕೇಟಸ್ ಎಂದು ಬೇರ್ಪಡಿಸಿದ್ದಾರೆ. ಹಳೆಯ ಪುಸ್ತಕದ ನಕ್ಷೆಗೂ ಹೊಸ ನಕ್ಷೆಗೂ ತಾಳೆಯಾಗದಿದ್ದರೆ ಕಾರಣ ಇದು.

ಇದಕ್ಕೆ ಬೇಕಾದದ್ದು ಬಯಲಿನ ನಡುವೆ ಚೆದುರಿದ ಮರಗಳು. ಕೂರಲು ಒಂದು ಬೋಳು ಕೊಂಬೆ, ಕೆಳಗೆ ಮರೆಯಿಲ್ಲದ ನೆಲ, ಎರಗಲು ಸಾಕಷ್ಟು ಖಾಲಿ ಜಾಗ. ಹುಲ್ಲುಗಾವಲು, ಕುರುಚಲು ಕಾಡು, ಮುಳ್ಳುಮರಗಳ ಸೀಮೆ, ತೋಟದ ಅಂಚು, ಊರಿನ ನೀಲಗಿರಿ ಸಾಲು ಎಲ್ಲವೂ ಆದೀತು. ದಟ್ಟ ಕಾಡಿನೊಳಗೆ ಇದು ಹೋಗುವುದಿಲ್ಲ. ಅಲ್ಲಿ ಚೌಕಬಾಲದ ಕಾಜಾಣದಂಥ ಬೇರೆ ನೆಂಟರ ಕಾರುಬಾರು. ಒಂದೂ ಮರವಿಲ್ಲದ ಬರಡು ಬಯಲೂ ಇದಕ್ಕೆ ಒಗ್ಗದು.

ಅಷ್ಟೆಲ್ಲ ಕಡೆ ಇದ್ದರೂ ಕಲಹರಿಯ ಹೆಸರೇ ಯಾಕೆ ಮತ್ತೆ ಮತ್ತೆ ಬರುತ್ತದೆ?

ದಕ್ಷಿಣ ಆಫ್ರಿಕದ ನಾರ್ದರ್ನ್ ಕೇಪ್ ಪ್ರಾಂತ್ಯದಲ್ಲಿ, ವಾನ್ ಜಿಲ್ಸ್‌ರಸ್ ಎಂಬ ಪುಟ್ಟ ಊರಿನ ಹತ್ತಿರ ಕುರುಮಾನ್ ನದಿ ಮೀಸಲು ಪ್ರದೇಶವಿದೆ. ನದಿ ಹೆಸರಿಗಷ್ಟೇ. ಪಾತ್ರ ಬಹುತೇಕ ಒಣಗಿಯೇ ಇರುತ್ತದೆ, ಅದರ ಗುಂಟ ದೊಡ್ಡ ಒಂಟೆಮುಳ್ಳಿನ ಮರಗಳು, ಆಚೆಗೆ ಕೆಂಪು ಮರಳಿನ ದಿಬ್ಬಗಳು. ಪ್ರಾಣಿಶಾಸ್ತ್ರಜ್ಞ ಟಿಮ್ ಕ್ಲಟನ್-ಬ್ರಾಕ್ ಅವರು 1993ರಲ್ಲಿ ಇಲ್ಲಿ ಮೀರ್ಕ್ಯಾಟ್ ಅಧ್ಯಯನ ಶುರು ಮಾಡಿದರು. 2003ರಿಂದ ಅಮಾಂಡಾ ರಿಡ್ಲಿ ಅವರು ಅಲ್ಲೇ ಕಪ್ಪು-ಬಿಳಿ ಹರಟೆಮಲ್ಲಗಳ ಹಿಂದೆ ಬಿದ್ದರು. ಮನುಷ್ಯರನ್ನು ಕಂಡರೆ ಓಡದಷ್ಟು ಪಳಗಿದ ಮೀರ್ಕ್ಯಾಟ್ ಗುಂಪುಗಳೂ ಹರಟೆಮಲ್ಲಗಳೂ ಒಂದೇ ಕಡೆ ಸಿಕ್ಕಿದ್ದರಿಂದಲೇ, ಸಂಶೋಧಕ ಟಾಮ್ ಫ್ಲವರ್ ಅವರಿಗೆ ಅವೆರಡರ ಬೆನ್ನು ಹತ್ತಿದ ಕಾಜಾಣವನ್ನು ವರ್ಷಗಟ್ಟಲೆ ಗಮನಿಸಲು ಸಾಧ್ಯವಾಯಿತು. ಬೇರೆ ಕಡೆಯ ಕಾಜಾಣಗಳು ಇಷ್ಟು ಹತ್ತಿರದ ನೋಟಕ್ಕೆ ಸಿಕ್ಕಿಲ್ಲ.

ಆ ಒಣನೆಲದಲ್ಲಿ ತಿನ್ನೋಕೆ ಏನು ಸಿಗುತ್ತದೆ?

ಕಾಲ ನೋಡಿಕೊಂಡು ಹೇಳಬೇಕು. ಅಲ್ಲಿ ಮಳೆ ಬೇಸಿಗೆಯದು, ಅಕ್ಟೋಬರ್‌ನಿಂದ ಏಪ್ರಿಲ್ ನಡುವೆ. ಮಳೆ ಬಿದ್ದ ಮೇಲೆ ರೆಕ್ಕೆಗೆದ್ದಲು, ಪತಂಗ, ಮಿಡತೆ, ಜೀರುಂಡೆ ಯಥೇಚ್ಛ. ಆಗ ಕಾಜಾಣ ಕೊಂಬೆಯಿಂದ ಹಾರಿ ಗಾಳಿಯಲ್ಲೇ ಹುಳ ಹಿಡಿದು ಮತ್ತದೇ ಕೊಂಬೆಗೆ ಬಂದು ಕೂರುತ್ತದೆ, ನಮ್ಮ ಕಾಜಾಣ ಕರೆಂಟು ತಂತಿಯ ಮೇಲಿಂದ ಮಾಡುವುದನ್ನೇ. ಜೇನುನೊಣ ಇದಕ್ಕೆ ಪ್ರಿಯ. ಹುಲ್ಲಿಗೆ ಬೆಂಕಿ ಬಿದ್ದರೆ ಉರಿಯ ಮುಂದೆ ಮುಂದೆ ಓಡುವ ಹುಳುಗಳಿಗಾಗಿ ಹಾಜರಾಗುತ್ತದೆ. ದೊಡ್ಡ ಪ್ರಾಣಿಗಳು ಮೇಯುವಾಗ ಎದ್ದ ಕೀಟಗಳಿಗಾಗಿ ಅವುಗಳ ಬೆನ್ನೇರಿ ಹೋಗುವುದೂ ಉಂಟು. ಹೂಬಿಟ್ಟ ಲೋಳೆಸರದ ಮಕರಂದ ಹೀರುವುದನ್ನೂ ನೋಡಿದ್ದಾರೆ.

ಚಳಿಗಾಲದ ಕಥೆ ಬೇರೆ. ಬೇಸಿಗೆಯ ಹಗಲು 40 ಡಿಗ್ರಿ ಮುಟ್ಟುವ ಆ ಸೀಮೆಯಲ್ಲಿ ಜೂನ್-ಜುಲೈ ರಾತ್ರಿಗಳು ಸೊನ್ನೆಗಿಂತ ಕೆಳಗಿಳಿಯುತ್ತವೆ. ಮುಂಜಾನೆಯ ಕೊರೆತಕ್ಕೆ ಹಾರುವ ಹುಳ ಇರುವುದೇ ಇಲ್ಲ. ಹುಳ ಇರುವುದು ಮರಳಿನೊಳಗೆ. ಚೇಳು, ಜೀರುಂಡೆಯ ಕೊಬ್ಬಿದ ಮರಿಹುಳ, ಹಲ್ಲಿ ಎಲ್ಲವೂ ನೆಲದಡಿ. ಕಾಜಾಣದ ಕಾಲು ಕೊಂಬೆ ಹಿಡಿದು ಕೂರಲು ಸರಿ, ಕೆದಕಲು ಆಗದು. ಕೆದಕಬಲ್ಲವರು ಮೀರ್ಕ್ಯಾಟ್ ಮತ್ತು ಹರಟೆಮಲ್ಲಗಳು. ಕಳ್ಳತನಕ್ಕೆ ಕಾರಣ ಹುಡುಕುವವರು ಹಕ್ಕಿಯ ಸ್ವಭಾವಕ್ಕಿಂತ ಮೊದಲು ಈ ನೆಲವನ್ನೂ ಚಳಿಯನ್ನೂ ನೋಡಬೇಕು ಅನ್ನುವುದು ನನ್ನ ಅಭಿಪ್ರಾಯ.

ಸುಳ್ಳು ಕೂಗಿ ಕದಿಯುವುದು ನಿಜವೇ? ಹೇಗೆ ನಡೆಯುತ್ತದೆ?

ನಿಜ. ಮೀರ್ಕ್ಯಾಟ್ ಗುಂಪು ಮರಳು ಕೆದಕುತ್ತಾ ಸಾಗುವಾಗ ಕಾಜಾಣ ಮರದಿಂದ ಮರಕ್ಕೆ ಹಾರುತ್ತಾ ಹಿಂದೆಯೇ ಇರುತ್ತದೆ. ಬಹಳ ಹೊತ್ತು ಏನೂ ಆಗುವುದಿಲ್ಲ. ಗಿಡುಗವೋ ಹದ್ದೋ ಕಂಡರೆ ಕೂಗುತ್ತದೆ, ಮೀರ್ಕ್ಯಾಟ್‌ಗಳು ಬಿಲಕ್ಕೋ ಪೊದೆಗೋ ಓಡುತ್ತವೆ, ಅಪಾಯ ದಾಟಿದ ಮೇಲೆ ಮತ್ತೆ ಕೆದಕಲು ಬರುತ್ತವೆ. ಇಷ್ಟರಲ್ಲಿ ಒಂದು ಮೀರ್ಕ್ಯಾಟಿಗೆ ದಪ್ಪನೆಯ ಚೇಳು ಸಿಗುತ್ತದೆ. ಈಗ ಆಕಾಶದಲ್ಲಿ ಏನೂ ಇಲ್ಲ, ಆದರೂ ಕಾಜಾಣ ಅದೇ ಕೂಗು ಹಾಕುತ್ತದೆ. ಮೀರ್ಕ್ಯಾಟ್ ಚೇಳನ್ನು ಅಲ್ಲೇ ಬಿಟ್ಟು ಓಡುತ್ತದೆ. ಕಾಜಾಣ ಇಳಿದು ಎತ್ತಿಕೊಂಡು ಹೋಗುತ್ತದೆ.

2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಫ್ಲವರ್ ಈ ಕೂಗುಗಳನ್ನು ರೆಕಾರ್ಡ್ ಮಾಡಿ ಮೀರ್ಕ್ಯಾಟ್ ಮತ್ತು ಹರಟೆಮಲ್ಲಗಳಿಗೆ ಕೇಳಿಸಿದರು. ನಿಜವಾದ ಅಪಾಯದಲ್ಲಿ ಹಾಕಿದ ಕೂಗಿಗೂ ಕದಿಯಲು ಹಾಕಿದ ಕೂಗಿಗೂ ಅವು ಒಂದೇ ರೀತಿ ಬೆಚ್ಚಿದವು. ಅಂದರೆ ಕೇಳುವ ಕಿವಿಗೆ ಸುಳ್ಳು ಮತ್ತು ನಿಜದ ನಡುವೆ ವ್ಯತ್ಯಾಸ ಸಿಗಲಿಲ್ಲ. ಕಾಜಾಣ ತನ್ನ ಸ್ವಂತದ ಕೂಗು ಮಾತ್ರ ಬಳಸುವುದಿಲ್ಲ. ಹರಟೆಮಲ್ಲದ ಅಪಾಯದ ಕೂಗು, ಹೊಳೆಯುವ ಸ್ಟಾರ್ಲಿಂಗ್‌ನ ಕೂಗು, ಮೀರ್ಕ್ಯಾಟ್‌ನದೇ ಕೂಗು, ಯಾವುದು ಬೇಕಾದರೂ ಅದರ ಗಂಟಲಿನಿಂದ ಬರುತ್ತದೆ.

ಅದರ ಒಟ್ಟು ಊಟದಲ್ಲಿ ಕದ್ದದ್ದು ಎಷ್ಟು?

ಕಲಹರಿಯ ಅಧ್ಯಯನದ ಪ್ರಕಾರ ದಿನದ ಆಹಾರದಲ್ಲಿ ಸುಮಾರು ಶೇ 23. ಉಳಿದದ್ದು ಸ್ವಂತ ದುಡಿಮೆ. ತಾನೇ ಹಿಡಿಯುವ ಹುಳುಗಳು ಚಿಕ್ಕವು, ಕದ್ದವು ದೊಡ್ಡವು, ಆದ್ದರಿಂದ ಒಂದೊಂದು ಕಳ್ಳತನಕ್ಕೂ ಬೆಲೆ ಇದೆ. ಆದರೂ ಇದನ್ನು ಕಳ್ಳತನದಿಂದಲೇ ಬದುಕುವ ಹಕ್ಕಿ ಎಂದು ಬರೆಯುವವರನ್ನು ಕಂಡರೆ ನನಗೆ ಕಿರಿಕಿರಿ. ಕಾಲು ಭಾಗವೂ ತುಂಬದ ಲೆಕ್ಕ ಅದು.

ಮೀರ್ಕ್ಯಾಟ್‌ಗಳು ಅಷ್ಟು ದಡ್ಡವೇ? ಎರಡು ಸಲ ಮೋಸ ಹೋದ ಮೇಲಾದರೂ ಗೊತ್ತಾಗಬಾರದೇ?

"ಹುಲಿ ಬಂತು ಹುಲಿ" ಎಂದು ಕೂಗಿದ ದನಗಾಹಿ ಹುಡುಗನ ಕಥೆಯಲ್ಲಿ ಮೂರನೆಯ ಸಲ ಯಾರೂ ಬರುವುದಿಲ್ಲ. ಇಲ್ಲಿ ಹಾಗೆ ಆಗದಿರಲು ಎರಡು ಕಾರಣಗಳಿವೆ.

ಒಂದು, ನಂಬದೆ ಇರುವುದರ ಬೆಲೆ. ಸುಳ್ಳನ್ನು ನಂಬಿದರೆ ಒಂದು ಚೇಳು ಹೋಗುತ್ತದೆ. ನಿಜವನ್ನು ನಂಬದಿದ್ದರೆ ಪ್ರಾಣವೇ ಹೋಗುತ್ತದೆ. ಮೇಲೆ ಮಾರ್ಷಲ್ ಹದ್ದು ಸುತ್ತುವ ಬಯಲಿನಲ್ಲಿ ತಲೆ ತಗ್ಗಿಸಿ ಕೆದಕುವ ಪ್ರಾಣಿ ಓಡಿ ಬದುಕುವುದನ್ನೇ ಆರಿಸಿಕೊಳ್ಳುತ್ತದೆ. ಮೇಲಾಗಿ ಕಾಜಾಣದ ಎಚ್ಚರಿಕೆಗಳಲ್ಲಿ ಎಷ್ಟೋ ನಿಜವಾಗಿಯೇ ಇರುತ್ತವೆ. ಅದರ ಕಣ್ಣು ಮೀರ್ಕ್ಯಾಟ್‌ನ ಕಣ್ಣಿಗಿಂತ ಎತ್ತರದಲ್ಲಿದೆ. ಅದನ್ನು ಪೂರ್ತಿ ಕಡೆಗಣಿಸುವುದು ಯಾರಿಗೂ ಲಾಭವಲ್ಲ.

ಎರಡನೆಯದು ಕಾಜಾಣದ ಜಾಣತನ. 2014ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಫ್ಲವರ್, ರಿಡ್ಲಿ ಮತ್ತು ಮ್ಯಾಥ್ಯೂ ಗ್ರಿಬಲ್ ಪ್ರಕಟಿಸಿದ ಅಧ್ಯಯನ ನೋಡಿ. 64 ಕಾಜಾಣಗಳಿಂದ 51 ಬಗೆಯ ಅಪಾಯದ ಕೂಗು ದಾಖಲಾದವು. ಅದರಲ್ಲಿ ಆರು ಮಾತ್ರ ಕಾಜಾಣದ ಸ್ವಂತದವು, 45 ಎರವಲು. ಹರಟೆಮಲ್ಲಗಳಿಗೆ ಒಂದೇ ಕೂಗನ್ನು ಮೂರು ಸಲ ಕೇಳಿಸಿದರೆ ಅವುಗಳ ಗಾಬರಿ ಇಳಿಯಿತು. ಮೂರನೆಯ ಸಲ ಕೂಗು ಬದಲಿಸಿದರೆ ಮತ್ತೆ ಬೆಚ್ಚಿದವು. ಕಾಡಿನಲ್ಲಿ ಕಾಜಾಣ ಮಾಡುವುದೂ ಇದನ್ನೇ. ಒಂದು ಪ್ರಾಣಿಯ ಮೇಲೆ ಮತ್ತೆ ಮತ್ತೆ ಕೈ ಹಾಕುವಾಗ ಕೂಗನ್ನು ಬದಲಾಯಿಸುತ್ತದೆ, ಅದರಲ್ಲೂ ಹಿಂದಿನ ಪ್ರಯತ್ನ ಸೋತಿದ್ದರೆ. ಬದಲಾಯಿಸಿದಾಗ ತುತ್ತು ದಕ್ಕುವ ಸಂಭವ ಹೆಚ್ಚು. ಯಾರಿಂದ ಕದಿಯಬೇಕೋ ಆ ಪ್ರಾಣಿಯದೇ ಕೂಗನ್ನು ಅನುಕರಿಸಿದರೆ ಇನ್ನೂ ಒಳ್ಳೆಯದು.

ಹಾಗಾದರೆ ಇದಕ್ಕೆ ಬೇರೆಯವರ ಮನಸ್ಸು ಓದಲು ಬರುತ್ತದೆಯೇ?

ಅಷ್ಟು ದೂರ ಹೋಗಬೇಕಿಲ್ಲ. ಒಂದು ಕೂಗು ಹಾಕಿದೆ, ಕೆಲಸ ಆಗಲಿಲ್ಲ, ಬೇರೆಯದನ್ನು ಹಾಕಿ ನೋಡುತ್ತೇನೆ ಎನ್ನುವಷ್ಟು ಕಲಿಕೆ ಇದ್ದರೂ ನಾವು ಕಂಡದ್ದೆಲ್ಲ ನಡೆಯಬಲ್ಲದು. ಸಂಶೋಧಕರೇ ಈ ಸರಳ ವಿವರಣೆಯ ಸಾಧ್ಯತೆಯನ್ನು ಮುಂದಿಟ್ಟಿದ್ದಾರೆ. "ಮನುಷ್ಯನಂತೆ ಸುಳ್ಳು ಹೇಳುವ ಹಕ್ಕಿ" ಎಂಬ ತಲೆಬರಹ ಕೊಟ್ಟದ್ದು ಸುದ್ದಿಮನೆಗಳು. ನನಗಂತೂ ಸರಳ ವಿವರಣೆಯೇ ಹೆಚ್ಚು ಬೆರಗು ಹುಟ್ಟಿಸುತ್ತದೆ. ಎದುರಿನವರ ಪ್ರತಿಕ್ರಿಯೆ ಗಮನಿಸಿ ಮುಂದಿನ ಹೆಜ್ಜೆ ತಿದ್ದಿಕೊಳ್ಳುವುದು 50 ಗ್ರಾಂ ಜೀವಕ್ಕೆ ಕಡಿಮೆ ಕೆಲಸವೇ?

ಹರಟೆಮಲ್ಲಗಳು ಇದನ್ನು ಓಡಿಸುವುದಿಲ್ಲ ಯಾಕೆ?

ಕೆಲವು ಓಡಿಸುತ್ತವೆ. ಈ ಹರಟೆಮಲ್ಲಗಳು ಕೂಡುಕುಟುಂಬದ ಹಕ್ಕಿಗಳು. ದೊಡ್ಡ ಗುಂಪಿನಲ್ಲಿ ಕಾವಲಿಗೆ ಸ್ವಂತದವರೇ ಸಾಕಷ್ಟು ಇರುತ್ತಾರೆ, ಹೊರಗಿನ ಕಾವಲುಗಾರ ಬೇಡ. ಅಂಥ ಗುಂಪುಗಳು ಕಾಜಾಣದ ಮೇಲೆ ಏರಿ ಹೋಗಿ ಅಟ್ಟುತ್ತವೆ. ನಾಲ್ಕಾರು ಹಕ್ಕಿಗಳ ಸಣ್ಣ ಗುಂಪಿನಲ್ಲಿ ಒಂದನ್ನು ಕಾವಲಿಗೆ ಕೂರಿಸಿದರೆ ಕೆದಕುವ ಬಾಯಿ ಒಂದು ಕಡಿಮೆಯಾಯಿತು. ಅವು ಕಾಜಾಣವನ್ನು ಸಹಿಸಿಕೊಂಡು, ತಮ್ಮ ಕಾವಲನ್ನು ಕಡಿಮೆ ಮಾಡಿ, ಆ ಹೊತ್ತನ್ನು ಊಟಕ್ಕೆ ಬಳಸುತ್ತವೆ. ಆಗಾಗ ಒಂದು ತುತ್ತು ಕಳೆದುಕೊಂಡರೂ ಲೆಕ್ಕ ಹೊಂದುತ್ತದೆ.

ಕಾಜಾಣವೂ ತನ್ನ ಇರವನ್ನು ಸಾರುತ್ತಲೇ ಇರುತ್ತದೆ. ಅಪಾಯವಿಲ್ಲದಾಗ ಕೂತಲ್ಲಿಂದ ಆಗಾಗ ಒಂದು ಕಾವಲು ಕೂಗು ಹಾಕುತ್ತದೆ. ಅದು ಕೇಳುತ್ತಿರುವವರೆಗೆ ಹರಟೆಮಲ್ಲಗಳು ತಲೆ ಎತ್ತಿ ನೋಡುವುದು ಕಡಿಮೆ, ಹರಡಿಕೊಂಡು ಮೇಯುವುದು ಹೆಚ್ಚು, ಹೊಟ್ಟೆಗೆ ಬೀಳುವುದೂ ಹೆಚ್ಚು. ಕಲಹರಿಯ ಇನ್ನೊಂದು ಹಕ್ಕಿ, ಒಂದೇ ಮರದಲ್ಲಿ ಹುಲ್ಲಿನ ಬಣವೆಯಷ್ಟು ದೊಡ್ಡ ಸಾಮೂಹಿಕ ಗೂಡು ಕಟ್ಟುವ ಗೀಜಗ, ಈ ಕೂಗು ಕೇಳಿ ಕಾಜಾಣದ ಹತ್ತಿರಕ್ಕೇ ಬರುತ್ತದೆ. ನಿಶ್ಚಿಂತೆಯಿಂದ ಮೇಯುವ ಗುಂಪು ಹೆಚ್ಚು ಹುಳ ಹಿಡಿಯುತ್ತದೆ, ಆ ಹೆಚ್ಚಿನದರಲ್ಲಿ ಕಾಜಾಣಕ್ಕೂ ಒಂದು ಪಾಲು. ಇದನ್ನು ಕಳ್ಳತನ ಅನ್ನಬೇಕೋ ಕಾವಲಿನ ಕೂಲಿ ಅನ್ನಬೇಕೋ ನೀವೇ ಹೇಳಿ. ನಾನು ಕೂಲಿಯ ಕಡೆ.

ಯಾರ ಮೇಲೆ ಹೆಚ್ಚು ಕಣ್ಣು?

ಎಳೆಯರ ಮೇಲೆ. ಆಗಷ್ಟೇ ಸ್ವಂತವಾಗಿ ತಿನ್ನಲು ಕಲಿಯುತ್ತಿರುವ ಹರಟೆಮಲ್ಲದ ಮರಿ ಸಿಕ್ಕಿದ ಹುಳವನ್ನು ನೆಲಕ್ಕೆ ಬಡಿದು, ತಿರುಗಿಸಿ, ನುಂಗಲು ಬಹಳ ಹೊತ್ತು ತೆಗೆದುಕೊಳ್ಳುತ್ತದೆ. ಕಾಜಾಣಕ್ಕೆ ಅಷ್ಟು ಹೊತ್ತು ಧಾರಾಳ.

ಸದಾ ಕದ್ದೇ ತಿನ್ನಬಹುದಲ್ಲ, ಬೇಟೆಯಾಡುವ ಕಷ್ಟ ಯಾಕೆ?

ಬೆಚ್ಚಗಿನ ದಿನ ರೆಕ್ಕೆಗೆದ್ದಲು ಎದ್ದಾಗ ಸ್ವಂತ ಬೇಟೆಯೇ ಹೆಚ್ಚು ಲಾಭ. ಚಳಿಯ ಮುಂಜಾನೆ ಸ್ವಂತ ಬೇಟೆಯ ಗಳಿಕೆ ಕುಸಿದಾಗ ಕದಿಯುವ ಕಡೆ ವಾಲುತ್ತದೆ. ಇನ್ನೊಂದು ಅಡ್ಡಿಯೂ ಇದೆ. ಕೆದಕುವ ಗುಂಪು ಕಾಜಾಣದ ಸೀಮೆಯೊಳಗೆ ದಿನವಿಡೀ ಇರುವುದಿಲ್ಲ. ಒಟ್ಟು ಸಮಯದಲ್ಲಿ ಕಾಲು ಭಾಗದಷ್ಟು ಮಾತ್ರ ಅದು ಬೇರೆ ಪ್ರಾಣಿಗಳ ಬೆನ್ನು ಹತ್ತುತ್ತದೆ.

ಕಾಡುಹಕ್ಕಿಯ ಇಷ್ಟೆಲ್ಲ ಲೆಕ್ಕ ಇಟ್ಟದ್ದು ಹೇಗೆ?

ಹಕ್ಕಿಗಳ ಕಾಲಿಗೆ ಬಣ್ಣದ ಉಂಗುರ ಹಾಕಿ ಒಂದೊಂದನ್ನೂ ಗುರುತು ಹಿಡಿದರು. ಮೀಲ್‌ವರ್ಮ್ ಹುಳಗಳನ್ನು ಕೊಟ್ಟು, ಕರೆದರೆ ಬರುವಷ್ಟು ಸಲಿಗೆ ಬೆಳೆಸಿದರು. ಆಮೇಲೆ ಕೆಲವೇ ಮೀಟರ್ ದೂರದಲ್ಲಿ ಮೈಕು ಹಿಡಿದು ನಡೆಯುತ್ತಾ ಏನು ತಿಂದಿತು, ಯಾವಾಗ ಕೂಗಿತು, ಆಗ ಆಕಾಶದಲ್ಲಿ ನಿಜವಾಗಿ ಏನಾದರೂ ಇತ್ತೇ ಎಂದು ಬರೆದುಕೊಂಡರು.

ಹದ್ದುಗಳನ್ನೂ ಅಟ್ಟುತ್ತದಂತೆ?

ಹೌದು, ನಮ್ಮ ಕಾಜಾಣದ ಹಾಗೆಯೇ. ಗೂಡಿನ ಹತ್ತಿರ ಗಿಡುಗ, ಹದ್ದು, ಗೂಬೆ, ಕಾಗೆ ಯಾರು ಬಂದರೂ ಬೆನ್ನ ಮೇಲೆ ಎರಗಿ ಕುಕ್ಕುತ್ತದೆ.

ಗೂಡು, ಮೊಟ್ಟೆ, ಮರಿಗಳ ಬಗ್ಗೆ ಹೇಳಿ.

ದಕ್ಷಿಣ ಆಫ್ರಿಕದಲ್ಲಿ ಗೂಡು ಕಟ್ಟುವುದು ಮುಖ್ಯವಾಗಿ ಸೆಪ್ಟೆಂಬರ್‌ನಿಂದ ವರ್ಷದ ಕೊನೆಯವರೆಗೆ. ಅಡ್ಡಕೊಂಬೆಯ ಕವಲಿನ ನಡುವೆ ಜೋಲಿಯಂತೆ ತೂಗುವ ತೆಳು ಬಟ್ಟಲು. ಬಳ್ಳಿಯ ನಾರು, ಸಣ್ಣ ಕಡ್ಡಿಗಳನ್ನು ಜೇಡರ ಬಲೆಯಿಂದ ಬಿಗಿದಿರುತ್ತದೆ. ಕೆಲವೊಮ್ಮೆ ಕೆಳಗಿನಿಂದ ನೋಡಿದರೆ ಮೊಟ್ಟೆಯೇ ಕಾಣುವಷ್ಟು ತೆಳು. ಸಾಮಾನ್ಯವಾಗಿ ಮೂರು ಮೊಟ್ಟೆ. ಸುಮಾರು 16 ದಿನದ ಕಾವು, ಗಂಡು ಹೆಣ್ಣು ಇಬ್ಬರೂ ಕೂರುತ್ತವೆ. ಮರಿಗಳು ಗೂಡು ಬಿಡಲು ಇನ್ನೂ ಎರಡೂವರೆ ವಾರ ಬೇಕು.

ಇಷ್ಟು ಚಾಲಾಕಿ ಹಕ್ಕಿಗೆ ಮೋಸ ಮಾಡುವವರು ಯಾರೂ ಇಲ್ಲವೇ?

ಇದ್ದಾರೆ, ಆಫ್ರಿಕದ ಕುಕ್ಕೂ ಹಕ್ಕಿ, ಕುಕುಲಸ್ ಗುಲಾರಿಸ್. ನಮ್ಮ ಕೋಗಿಲೆ ಕಾಗೆಯ ಗೂಡು ಹುಡುಕುವಂತೆ ಇದು ಕವಲುಬಾಲದ ಕಾಜಾಣದ ಗೂಡು ಹುಡುಕುತ್ತದೆ. ಆದರೆ ಕೋಗಿಲೆ ಮರಿಗಿಂತ ಇದರ ಮರಿ ಕ್ರೂರಿ. ಕಣ್ಣು ಬಿಡುವ ಮೊದಲೇ ಕಾಜಾಣದ ಮೊಟ್ಟೆ ಮರಿಗಳನ್ನು ಬೆನ್ನಿಂದ ತಳ್ಳಿ ಹೊರಗೆ ಹಾಕುತ್ತದೆ.

ಕುಕ್ಕೂ ಮೊಟ್ಟೆ ಮತ್ತು ಕಾಜಾಣದ ಮೊಟ್ಟೆ ಬಣ್ಣ, ಚುಕ್ಕಿ ಎಲ್ಲದರಲ್ಲೂ ಅಚ್ಚು ಒತ್ತಿದಷ್ಟು ಒಂದೇ. ಆದರೆ ಕಾಜಾಣದ ರಕ್ಷಣೆ ಬೇರೆ ದಾರಿಯದು. ಒಂದೊಂದು ಹೆಣ್ಣಿನ ಮೊಟ್ಟೆಯೂ ಒಂದೊಂದು ತರಹ. ಒಂದರದು ಬಿಳಿ, ಇನ್ನೊಂದರದು ಕಂದು ಚುಕ್ಕಿಯದು, ಮತ್ತೊಂದರದು ದಟ್ಟ ಮಚ್ಚೆಯದು. ತನ್ನ ಮೊಟ್ಟೆಯ ಚಹರೆ ಅದಕ್ಕೆ ಗೊತ್ತು. ಕುಕ್ಕೂ ಕಾಜಾಣಗಳ ಒಟ್ಟು ನಮೂನೆಯನ್ನು ನಕಲು ಮಾಡಬಲ್ಲದು, ಆದರೆ ತಾನು ಹೊಕ್ಕ ಗೂಡಿನ ಹೆಣ್ಣಿನ ನಮೂನೆಗೆ ಹೊಂದುವ ಮೊಟ್ಟೆ ತನ್ನದಾಗಿರುವುದು ಅದೃಷ್ಟದ ಮಾತು. ಜಾಂಬಿಯದ ಚೋಮಾ ಪ್ರದೇಶದಲ್ಲಿ ಜೆಸ್ ಲಂಡ್, ಕ್ಲೇರ್ ಸ್ಪಾಟಿಸ್‌ವುಡ್ ಮತ್ತು ಸಂಗಡಿಗರು ಒಂದು ಗೂಡಿನ ಕಾಜಾಣದ ಮೊಟ್ಟೆಯನ್ನು ಇನ್ನೊಂದು ಗೂಡಿಗೆ ಇಟ್ಟು, ಎಷ್ಟು ವ್ಯತ್ಯಾಸ ಇದ್ದರೆ ಹಕ್ಕಿ ಹೊರಹಾಕುತ್ತದೆ ಎಂದು ಪರೀಕ್ಷಿಸಿದರು. 2023ರಲ್ಲಿ ಅವರು ಪ್ರಕಟಿಸಿದ ಅಂದಾಜಿನ ಪ್ರಕಾರ ಕುಕ್ಕೂ ಇಟ್ಟ ಮೊಟ್ಟೆಗಳಲ್ಲಿ ಶೇ 94ರ ಹತ್ತಿರದಷ್ಟನ್ನು ಕಾಜಾಣ ಹೊರಗೆಸೆಯುತ್ತದೆ. ದಿನವಿಡೀ ಬೇರೆಯವರ ದನಿ ನಕಲು ಮಾಡುವ ಹಕ್ಕಿ, ತನ್ನ ಮನೆಗೆ ಬಂದ ನಕಲನ್ನು ಹೀಗೆ ಹಿಡಿಯುತ್ತದೆ.

ನಮ್ಮ ಕಾಜಾಣಗಳಿಗೂ ಈ ವಿದ್ಯೆ ಬರುತ್ತದೆಯೇ?

ಅಲ್ಪಸ್ವಲ್ಪ ಬರುತ್ತದೆ. ನಮ್ಮ ಕಾಜಾಣ ಶಿಕ್ರಾ ಗಿಡುಗದ ದನಿ ತೆಗೆದು ಮೈನಾಗಳನ್ನು ಹಾರಿಸಿ ಅವು ಬಿಟ್ಟ ಹುಳ ಎತ್ತಿಕೊಂಡ ವರದಿಗಳಿವೆ. ಹೊಲದಲ್ಲಿ ಮೈನಾ, ಕಾಜಾಣ ಒಟ್ಟಿಗೆ ಮೇಯುವ ಕಡೆ ಕಿವಿಗೊಟ್ಟು ನಿಲ್ಲಿ. ಅನುಕರಣೆಯಲ್ಲಿ ದೊಡ್ಡ ಹೆಸರು ಪಶ್ಚಿಮ ಘಟ್ಟದಲ್ಲೂ ಇರುವ ಭೀಮರಾಜನದು, ಬಾಲದ ತುದಿಯಲ್ಲಿ ಎರಡು ಉದ್ದ ಗರಿ ತೂಗಿಸಿಕೊಂಡು ಹಾರುವ ಕಾಜಾಣ. ಶ್ರೀಲಂಕಾದ ಸಿಂಹರಾಜ ಕಾಡಿನಲ್ಲಿ ಎಬೆನ್ ಗುಡೇಲ್ ಮತ್ತು ಸರತ್ ಕೊಟಗಮ ಇದರ ಮಿಮಿಕ್ರಿಯನ್ನು ಅಧ್ಯಯನ ಮಾಡಿದರು. ಬೇರೆ ಹಕ್ಕಿಗಳ ಅಪಾಯದ ಕೂಗನ್ನು ಇದು ಅಪಾಯದ ಸಂದರ್ಭದಲ್ಲೇ ಬಳಸುತ್ತದೆ ಎಂದು 2006ರಲ್ಲಿ ತೋರಿಸಿದರು.

ಇದು ಅಳಿವಿನಂಚಿನಲ್ಲಿದೆಯೇ?

ಇಲ್ಲ. ಜೀವಿಗಳ ಅಳಿವಿನ ಅಪಾಯ ಅಳೆಯುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಪಟ್ಟಿಯಲ್ಲಿ ಸದ್ಯಕ್ಕೆ ಆತಂಕವಿಲ್ಲದ ಪ್ರಭೇದ.

ಸಫಾರಿಗೆ ಹೋದಾಗ ನೋಡಲು ಸಿಗುತ್ತದೆಯೇ?

ಖಂಡಿತ. ಕ್ರೂಗರ್, ಕ್ಗಲಗಾಡಿ, ಅಂಬೋಸೆಲಿ, ಸೆರೆಂಗೆಟಿ ಎಲ್ಲಿ ಹೋದರೂ ದಾರಿ ಬದಿಯ ಒಣಕೊಂಬೆಯ ತುದಿ ನೋಡುತ್ತಿರಿ. ಜೀಪಿನಲ್ಲಿರುವವರೆಲ್ಲ ಸಿಂಹ ಹುಡುಕುತ್ತಿರುವುದರಿಂದ ಗಾಡಿ ನಿಲ್ಲಿಸಿ ಎಂದು ಗೈಡ್‌ಗೆ ಮೊದಲೇ ಹೇಳಿಟ್ಟಿರಬೇಕು. ಕಳ್ಳತನ ನೋಡುವ ಆಸೆಯಿದ್ದರೆ ಜೂನ್-ಜುಲೈ ಮುಂಜಾನೆ ಕಲಹರಿಗೇ ಹೋಗಬೇಕು, ದಪ್ಪನೆಯ ಜಾಕೆಟ್ಟು ಹಾಕಿಕೊಂಡು. ಕಾಜಾಣ ಕಂಡರೆ ಅದನ್ನೇ ದಿಟ್ಟಿಸುತ್ತಾ ಕೂರಬೇಡಿ. ಅದು ಯಾರನ್ನು ನೋಡುತ್ತಿದೆ ಎಂದು ಕೆಳಗೆ ಹುಡುಕಿ. ಕೂಗು ಬಿದ್ದ ತಕ್ಷಣ ಮೊದಲು ಆಕಾಶ ನೋಡಿ, ಆಮೇಲೆ ನೆಲ.